ಆ ಭಯ ಯಾರದು?

ಬಸವನಗುಡಿ, ಮಲ್ಲೇಶ್ವರದ ಕಡೆ ಕುಮಾರವ್ಯಾಸ ಭಾರತದ ಗಮಕ ವಾಚನ ಕರ್ಣಪರ್ವಕ್ಕೆ ಬಂದರೆ ದುಶ್ಶಾಸನ ವಧೆಯನ್ನು ಯಾರೂ ಹಾರಿಸಿ ಮುಂದೆ ಹೋಗುವುದಿಲ್ಲ. ಭೀಮ ಎದೆ ಬಗಿಯುತ್ತಾನೆ, ನೆತ್ತರು ಕುಡಿಯುತ್ತಾನೆ. ಕೇಳುತ್ತ ಕುಳಿತವರಲ್ಲಿ ಬಹುಪಾಲು ಅರವತ್ತು ದಾಟಿದವರು; ಕೈಬೆರಳು ಕೊಯ್ದುಕೊಂಡರೆ ಮುಖ ತಿರುಗಿಸುವವರೂ ಅವರಲ್ಲಿದ್ದಾರೆ. ಆದರೂ ಯಾರೂ ಎದ್ದು ಹೋಗುವುದಿಲ್ಲ. ತಲೆದೂಗುತ್ತಾರೆ. ಕಣ್ಣು ಒದ್ದೆಯಾಗುವುದೂ ಉಂಟು.

2002ರ ಕಾನ್ ಚಿತ್ರೋತ್ಸವದಲ್ಲಿ ಗಾಸ್ಪಾರ್ ನೊಯೆ ನಿರ್ದೇಶಿಸಿದ ‘ಇರ್ರಿವರ್ಸಿಬಲ್’ ತೋರಿಸಿದಾಗ ಆದದ್ದೇ ಬೇರೆ. ಬಹಳಷ್ಟು ಮಂದಿ ನಡುವೆಯೇ ಹೊರನಡೆದರು. ಕೆಲವರಿಗೆ ಆಮ್ಲಜನಕ ಕೊಡಬೇಕಾಯಿತೆಂದು ವರದಿಯಾಯಿತು. 2008ರಲ್ಲಿ ಪಾಸ್ಕಲ್ ಲೋಜಿಯೆಯ ‘ಮಾರ್ಟರ್ಸ್’ ಬಂದಾಗ ಫ್ರಾನ್ಸಿನ ವರ್ಗೀಕರಣ ಮಂಡಳಿ ಅದನ್ನು 18 ದಾಟಿದವರಿಗೆ ಮಾತ್ರ ಎಂದಿತು, ಚಿತ್ರರಂಗದವರು ಪ್ರತಿಭಟಿಸಿದ ಮೇಲೆ 16ಕ್ಕೆ ಇಳಿಸಿತು. ಆ ಚಿತ್ರ ನೋಡಿದವರು ಎಷ್ಟೋ ದಿನ ಅದು ತಲೆಯಿಂದ ಹೋಗಲಿಲ್ಲ ಅನ್ನುತ್ತಾರೆ. ಯಾಕೆ ನೋಡಿದೆನೋ ಎಂದು ನೊಂದುಕೊಳ್ಳುವವರೂ ಇದ್ದಾರೆ.

ಅಲ್ಲೂ ರಕ್ತ, ಇಲ್ಲೂ ರಕ್ತ. ಒಂದು ಕಡೆ ಸಭೆ ಕರಗುತ್ತದೆ, ಇನ್ನೊಂದು ಕಡೆ ಚದುರುತ್ತದೆ. ಕಾವ್ಯ ಹೇಳುತ್ತದೆ, ಸಿನಿಮಾ ತೋರಿಸುತ್ತದೆ, ವ್ಯತ್ಯಾಸ ಇಷ್ಟೇ ಎಂದು ಕೈತೊಳೆದುಕೊಳ್ಳುವಂತಿಲ್ಲ. ಯಕ್ಷಗಾನದ ಭೀಮ ಕಣ್ಣೆದುರೇ ಕರುಳು ಬಗಿಯುತ್ತಾನಲ್ಲ? ಸಾವಿರ ವರ್ಷದ ಹಿಂದೆ ಕಾಶ್ಮೀರದ ಅಭಿನವಗುಪ್ತ ಈ ವ್ಯತ್ಯಾಸವನ್ನು ಹಿಡಿಯಲು ಕೊಟ್ಟ ಪರಿಕಲ್ಪನೆ ರಸವಿಘ್ನ. ರಸದ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಮಾತಾಗಿದೆ. ರಸಕ್ಕೆ ಏನು ಅಡ್ಡ ಬರುತ್ತದೆ ಎಂಬ ಮಾತು ಕಡಿಮೆ.

ಭರತನ ನಾಟ್ಯಶಾಸ್ತ್ರ ಹೇಳುವ ಎಂಟು ರಸಗಳಲ್ಲಿ ಭಯಾನಕ, ಬೀಭತ್ಸ ಎರಡಕ್ಕೂ ಜಾಗವಿದೆ. ರಕ್ತ, ಕರುಳುಗಳಿಂದ ಹುಟ್ಟುವ ಬೀಭತ್ಸ ಬೇರೆ, ಹೇಲು, ಹುಳುಗಳಿಂದ ಹುಟ್ಟುವುದು ಬೇರೆ ಎಂದು ಅದು ಒಳಭೇದವನ್ನೂ ಮಾಡುತ್ತದೆ. ಹಾಗಾಗಿ ಜುಗುಪ್ಸೆ ಹುಟ್ಟಿಸಿದ್ದಕ್ಕೆ ಒಂದು ಕೃತಿಯನ್ನು ಹೊರಗಿಡಲು ನಮ್ಮ ಕಾವ್ಯಮೀಮಾಂಸೆಯಲ್ಲಿ ಅವಕಾಶವಿಲ್ಲ. ಅಲ್ಲಿ ಕೇಳುವ ಪ್ರಶ್ನೆ ಬೇರೆ. ಹುಟ್ಟಿದ ಆ ಭಯ ಯಾರದು?

ಅಭಿನವಗುಪ್ತ ಇದಕ್ಕೆ ಆರಿಸಿಕೊಂಡ ಉದಾಹರಣೆ ‘ಶಾಕುಂತಲ’ದ ಮೊದಲ ಅಂಕದ ಜಿಂಕೆ. ದುಷ್ಯಂತನ ರಥ ಬೆನ್ನಟ್ಟಿದೆ. ಜಿಂಕೆ ಕತ್ತು ಹೊರಳಿಸಿ ನೋಡುತ್ತ ಓಡುತ್ತಿದೆ, ಅರ್ಧ ಅಗಿದ ದರ್ಭೆ ಬಾಯಿಂದ ಉದುರುತ್ತಿದೆ. ಓದುವವನಿಗೆ ಭಯವಾಗುತ್ತದೆ. ಆದರೆ ಅವನು ‘ನನಗೆ ಬಾಣ ತಾಗೀತು’ ಎಂದು ಹೆದರುತ್ತಿಲ್ಲ. ‘ಅದು ಯಾವುದೋ ಜಿಂಕೆ, ನನಗೇನು’ ಎಂದೂ ಸುಮ್ಮನಿಲ್ಲ. ನನ್ನದು, ಅವನದು, ಗೆಳೆಯನದು, ಹಗೆಯದು ಎಂಬ ಒಡೆತನವೆಲ್ಲ ಕಳಚಿ ಬರೀ ಭಯವೊಂದೇ ಉಳಿಯುತ್ತದೆ. ಭಟ್ಟನಾಯಕ ಇದನ್ನು ಸಾಧಾರಣೀಕರಣ ಎಂದ. ಅವನ ಬೇರೆ ಮಾತುಗಳನ್ನು ಖಂಡಿಸಿದ ಅಭಿನವಗುಪ್ತ ಇದನ್ನು ಉಳಿಸಿಕೊಂಡ. ಕನ್ನಡದಲ್ಲಿ ಈ ಚರ್ಚೆಯ ಒಳಹೊಕ್ಕು ನೋಡಬೇಕೆನ್ನುವವರಿಗೆ ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ (1953) ಇಂದಿಗೂ ಒಳ್ಳೆಯ ದಾರಿ.

ಒಡೆತನ ಕಳಚದಂತೆ ತಡೆಯುವುದೇ ವಿಘ್ನ. ಅಭಿನವಗುಪ್ತ ಏಳು ವಿಘ್ನಗಳನ್ನು ಹೇಳುತ್ತಾನೆ. ನಮಗೆ ಬೇಕಾದವು ಎರಡು. ಒಂದು, ನಡೆಯುತ್ತಿರುವುದು ಈ ಊರಲ್ಲಿ, ಈ ಹೊತ್ತಿನಲ್ಲಿ, ಇಂಥವನಿಗೆ ಎಂದು ಮನಸ್ಸು ಅಂಟಿಕೊಳ್ಳುವುದು. ಇನ್ನೊಂದು, ನೋಡುಗ ತನ್ನದೇ ಸುಖದುಃಖದ ಕೈಗೆ ಸಿಕ್ಕಿಬೀಳುವುದು. ಪರಿಹಾರವನ್ನೂ ಅವನೇ ಹೇಳುತ್ತಾನೆ. ನಟನ ಕಿರೀಟ, ವೇಷ, ಪೂರ್ವರಂಗ ಇವೆಲ್ಲ ಮೊದಲನೆಯದಕ್ಕೆ. ಸಂಗೀತ, ವಾದ್ಯ, ನೃತ್ಯ ಎರಡನೆಯದಕ್ಕೆ. ಗಮಕಿಯ ರಾಗ, ಭಾಮಿನಿಯ ಲಯ, ಯಕ್ಷಗಾನದ ಬಣ್ಣ, ಚೆಂಡೆ ಇವುಗಳನ್ನು ನಾವು ಅಲಂಕಾರವೆಂದುಕೊಳ್ಳುತ್ತೇವೆ. ಅವು ಮಾಡುವ ನಿಜವಾದ ಕೆಲಸ ಇದು: ದುಶ್ಶಾಸನನ ನೆತ್ತರನ್ನು ನಮ್ಮ ಮೈಯಿಂದ ಬಿಡಿಸಿ ಎಲ್ಲರದ್ದೂ ಮಾಡುವುದು.

ನೊಯೆ ಮಾಡಿದ್ದು ಇದಕ್ಕೆ ತೀರಾ ವಿರುದ್ಧ. ಅವನ ಚಿತ್ರದ ಮೊದಲ ಅರ್ಧ ಗಂಟೆಯ ಹಿನ್ನೆಲೆಯಲ್ಲಿ ಸುಮಾರು 27 ಹರ್ಟ್ಸಿನ ಗುಂಯ್‌ಗುಡುವ ನಾದವಿದೆ. ಕಿವಿಗೆ ಕೇಳಿಸುವುದಕ್ಕಿಂತ ಹೆಚ್ಚಾಗಿ ಹೊಟ್ಟೆಗೆ ತಾಗುತ್ತದೆ. ಕ್ಯಾಮೆರಾ ಗಿರಗಿರ ಸುತ್ತಿ ತಲೆ ತಿರುಗಿಸುತ್ತದೆ. ಕಥೆ ಇನ್ನೂ ಮನಸ್ಸಿಗೆ ಇಳಿದಿರುವುದಿಲ್ಲ, ಆಗಲೇ ಓಕರಿಕೆ ಬಂದಿರುತ್ತದೆ. ಸಂಗೀತ ಯಾವ ವಿಘ್ನವನ್ನು ಕಳೆಯಬೇಕಿತ್ತೋ ಅದೇ ವಿಘ್ನವನ್ನು ಶಬ್ದದಿಂದ ಕಟ್ಟಿದ್ದಾನೆ. ಕಾನ್‌ನಲ್ಲಿ ಎದ್ದು ಹೋದವರನ್ನು ಅಳ್ಳೆದೆಯವರು ಎಂದು ಹೀಗಳೆಯುವುದು ಆದ್ದರಿಂದಲೇ ತಪ್ಪು. ಅಂಥ ಹೊತ್ತಿನಲ್ಲಿ ಉಳಿಯುವುದು ಅವರವರ ಮೈ ಮಾತ್ರ.

ಮೊದಲನೆಯ ವಿಘ್ನಕ್ಕೆ ಪ್ಯಾರಿಸ್ಸಿನವರೆಗೆ ಹೋಗಬೇಕಿಲ್ಲ. 2012ರಲ್ಲಿ ಶ್ರೀನಿವಾಸರಾಜು ನಿರ್ದೇಶಿಸಿದ ‘ದಂಡುಪಾಳ್ಯ’ ಬಂತು. ಹೊಸಕೋಟೆ ಬಳಿಯ ಹಳ್ಳಿಯ ಹೆಸರು ಹೊತ್ತ, ಬೆಂಗಳೂರಿನ ಸುತ್ತಮುತ್ತ ನಿಜವಾಗಿ ನಡೆದ ಕೊಲೆ, ದರೋಡೆಗಳ ಕಥೆ. ಹಗಲು ಹೊತ್ತು, ಮನೆಯಲ್ಲಿ ಹೆಂಗಸೊಬ್ಬಳೇ, ಬಾಗಿಲಲ್ಲಿ ನಿಂತವರು ಕುಡಿಯಲು ನೀರು ಕೇಳುತ್ತಾರೆ. ಇದನ್ನು ನೋಡಿದ ಚಾಮರಾಜಪೇಟೆಯ ಗೃಹಿಣಿಯ ಭಯ ಜಿಂಕೆಯ ಭಯದಂಥದ್ದಲ್ಲ. ಅದಕ್ಕೆ ಊರಿದೆ, ಹೊತ್ತಿದೆ, ಬಾಗಿಲ ಚಿಲಕವಿದೆ. ಬಿಸಿಲಲ್ಲಿ ಬಂದವರಿಗೆ ಬೆಲ್ಲ, ನೀರು ಕೊಡುವ ಮನೆಗಳು ಇವು. ಚಿತ್ರ ಕೈಹಾಕಿದ್ದು ಆ ನಡವಳಿಕೆಯ ಬುಡಕ್ಕೇ. ಕತ್ತು ಕೊಯ್ಯುವ ಶಬ್ದವನ್ನು ಮತ್ತೆ ಮತ್ತೆ ಕೇಳಿಸುವ ಆ ಚಿತ್ರ ಹೆದರಿಸುವುದರಲ್ಲಿ ಗೆದ್ದಿದೆ. ರಸದ ಮಾತು ಎತ್ತಿದರೆ, ನನ್ನ ಮಟ್ಟಿಗೆ, ಅದು ಹೊಸ್ತಿಲಲ್ಲೇ ನಿಂತಿದೆ.

ಹಾಗಾದರೆ ಚಾಕು, ಚರ್ಮ ತೋರಿಸಿದರೆ ರಸವೇ ಇಲ್ಲವೇ? ಇದೆ. ಜಾರ್ಜ್ ಫ್ರಾಂಜುವಿನ ‘ಐಸ್ ವಿದೌಟ್ ಎ ಫೇಸ್’ (1960) ಕಪ್ಪುಬಿಳುಪು ಚಿತ್ರ. ಮಗಳ ಕೆಟ್ಟ ಮುಖಕ್ಕೆ ಬೇರೊಬ್ಬ ಹುಡುಗಿಯ ಮುಖ ಹಚ್ಚಲು ಹೊರಟ ಶಸ್ತ್ರವೈದ್ಯನ ಕಥೆ. ಅವನು ಪೆನ್ಸಿಲಿನಿಂದ ಮುಖದ ಸುತ್ತ ಗೆರೆ ಎಳೆಯುತ್ತಾನೆ, ಆ ಗೆರೆಯ ಮೇಲೇ ಚಾಕು ನಡೆಯುತ್ತದೆ, ಇಕ್ಕಳಗಳು ಸಾಲಾಗಿ ಕೂರುತ್ತವೆ, ಕೊನೆಗೆ ಮುಖ ಮೇಲೇಳುತ್ತದೆ. ಸಂಗೀತವಿಲ್ಲ. ಆಗಲೂ ಮೂರ್ಛೆ ಹೋದವರಿದ್ದರು. ಆದರೆ ಮುಖವಾಡ ತೊಟ್ಟು ಮೆಟ್ಟಿಲಿಳಿಯುವ ಆ ಮಗಳನ್ನು ಕಂಡ ಮೇಲೆ ಜುಗುಪ್ಸೆ ಅಲ್ಲಿಗೇ ನಿಲ್ಲುವುದಿಲ್ಲ, ಕರುಣೆಗೆ ಹರಿಯುತ್ತದೆ. ನಮ್ಮ ‘ಸಂಸ್ಕಾರ’ (1970) ಚಿತ್ರದಲ್ಲೂ ಹಾಗೆಯೇ. ಅಗ್ರಹಾರದಲ್ಲಿ ಕೊಳೆಯುವ ನಾರಣಪ್ಪನ ಹೆಣ, ಮಾಡಿನ ಮೇಲೆ ಇಳಿಯುವ ಹದ್ದುಗಳು ನಮ್ಮನ್ನು ಮೂಗು ಮುಚ್ಚಿಕೊಳ್ಳುವಲ್ಲಿಗೆ ಬಿಟ್ಟುಹೋಗುವುದಿಲ್ಲ, ಪ್ರಾಣೇಶಾಚಾರ್ಯರ ಒಳಕ್ಕೆ ಕರೆದೊಯ್ಯುತ್ತವೆ.

ಅಭಿನವಗುಪ್ತನ ಮಾತಿಗೆ ಎದುರು ಮಾತೂ ಇದೆ. ರಸವೆಲ್ಲ ಆನಂದವೇ ಎಂದು ಅವನು ಹೇಳಿದರೆ, 12ನೆಯ ಶತಮಾನದ ಜೈನ ಪಂಡಿತರು ರಾಮಚಂದ್ರ, ಗುಣಚಂದ್ರ ‘ನಾಟ್ಯದರ್ಪಣ’ದಲ್ಲಿ ಒಪ್ಪುವುದಿಲ್ಲ. ಕರುಣ, ರೌದ್ರ, ಭಯಾನಕ, ಬೀಭತ್ಸ ನಿಜಕ್ಕೂ ದುಃಖವೇ. ನಾವು ಮೆಚ್ಚುವುದು ಕವಿಯ, ನಟನ ಕೌಶಲವನ್ನು. ತಲೆ ಕಡಿಯುವ ಶತ್ರುವಿನ ಕೈಚಳಕಕ್ಕೂ ವೀರ ಬೆರಗಾಗುವುದಿಲ್ಲವೇ ಎಂದು ಅವರ ವಾದ. ಪ್ರಾಮಾಣಿಕವಾದ ಮಾತು ಅದು. ಬಿ.ಎಂ.ಶ್ರೀ. 1929ರಲ್ಲಿ ಸೊಫೊಕ್ಲಿಸನ ‘ಏಜಾಕ್ಸ್’ ಆಧರಿಸಿ ‘ಅಶ್ವತ್ಥಾಮನ್’ ಬರೆದು ಪುರಾಣದ ಚಿರಂಜೀವಿಯನ್ನೇ ಸಾಯಿಸಿದಾಗ ಕನ್ನಡದ ಓದುಗನ ಮುಂದಿಟ್ಟದ್ದೂ ತಣಿಯದ ದುಃಖವನ್ನೇ.

‘ಮಾರ್ಟರ್ಸ್’ ಅನ್ನು ಅಳೆಯಲು ನನಗೆ ಅಭಿನವಗುಪ್ತನೂ ಬೇಕು, ‘ನಾಟ್ಯದರ್ಪಣ’ದವರೂ ಬೇಕು. ಸತ್ತ ಮೇಲೆ ಏನಿದೆ ಎಂದು ತಿಳಿಯಲು ಶ್ರೀಮಂತರ ಗುಪ್ತಕೂಟವೊಂದು ಎಳೆಯ ಹೆಣ್ಣುಮಕ್ಕಳನ್ನು ಹಿಂಸಿಸುತ್ತದೆ. ಕೊನೆಯ ಭಾಗದಲ್ಲಿ ಅವರಲ್ಲೊಬ್ಬಳಾದ ಆನಾಳನ್ನು ಸರಪಳಿಯಲ್ಲಿ ಕಟ್ಟಿದ್ದಾರೆ. ಒಬ್ಬಾಕೆ ಗಂಜಿಯಂಥದ್ದನ್ನು ಚಮಚದಲ್ಲಿ ತಿನ್ನಿಸುತ್ತಾಳೆ. ಒಬ್ಬ ಬಂದು ಹೊಡೆಯುತ್ತಾನೆ. ಪರದೆ ಕಪ್ಪಾಗುತ್ತದೆ. ಮತ್ತೆ ಗಂಜಿ, ಮತ್ತೆ ಹೊಡೆತ, ಮತ್ತೆ ಕಪ್ಪು. ಹೊಡೆಯುವವನ ಮುಖದಲ್ಲಿ ಕೋಪವಿಲ್ಲ, ಹಾಗಾಗಿ ರೌದ್ರವೂ ಇಲ್ಲ. ದಿಗಿಲಿನ ರೋಚಕತೆಯನ್ನು ನಿರ್ದೇಶಕ ಬೇಕೆಂದೇ ಸವೆಸಿಬಿಡುತ್ತಾನೆ. ಇನ್ನೊಬ್ಬಳ ನೋವನ್ನು ನೋಡಿ ಏನೋ ಪಡೆಯಲು ಕಾದಿರುವ ಆ ಕೂಟದ ಸಾಲಿನಲ್ಲೇ ನಾವೂ ಕುಳಿತಿದ್ದೇವೆ ಎಂಬ ಅರಿವು ಆಗ ಬರುತ್ತದೆ. ಈ ಅರಿವಿಗಾಗಿ ನನಗೆ ಚಿತ್ರದ ಮೇಲೆ ಗೌರವವಿದೆ. ಆದರೆ ಅಲ್ಲಿಗೆ ತಲುಪುವ ಮೊದಲ ಗಂಟೆ ತುಂಬ ವಿಘ್ನಗಳೇ. ಎಷ್ಟೋ ಮಂದಿ ಅದರಲ್ಲೇ ಉಳಿದುಬಿಡುತ್ತಾರೆ.

ಉಳಿಯುವುದು ಅವರ ಕೊರತೆಯಲ್ಲ. ಆನಾಳ ಚರ್ಮ ಸುಲಿಯುವ ಕೊನೆಯನ್ನು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ತನ್ನವರನ್ನು ನೋಡಿಕೊಂಡವರು ‘ಸಾಧಾರಣ’ವಾಗಿ ನೋಡಲಾರರು, ನೋಡಬೇಕೆಂದು ಕೇಳುವ ಹಕ್ಕೂ ಯಾರಿಗೂ ಇಲ್ಲ. ರಾತ್ರಿ ಹನ್ನೊಂದಕ್ಕೆ ದೀಪ ಆರಿಸಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಒಬ್ಬರೇ ಮೊಬೈಲಿನಲ್ಲಿ ನೋಡುವ ಹುಡುಗ, ಹುಡುಗಿಯರ ಬಗ್ಗೆ ನನಗೆ ಚಿಂತೆ ಹೆಚ್ಚು. ನಾಲ್ಕು ಜನ ಒಟ್ಟಿಗೆ ಕುಳಿತಾಗ ಅರಿವು ಹಿಗ್ಗುತ್ತದೆಂದು ಅಭಿನವಗುಪ್ತ ‘ತಂತ್ರಾಲೋಕ’ದಲ್ಲಿ ಹೇಳುತ್ತಾನೆ. ಅವರಿಗೆ ಆ ನಾಲ್ಕು ಜನವೂ ಇಲ್ಲ. ಕೇಳಿದವರಿಗೆ ನಾನು ಫ್ರಾಂಜುವಿನ ಚಿತ್ರವನ್ನು ಹೇಳುತ್ತೇನೆ, ಜೊತೆಗೆ ಯಾರಾದರೂ ಇರಲಿ ಎನ್ನುತ್ತೇನೆ. ‘ಮಾರ್ಟರ್ಸ್’ ಅನ್ನು ನಾನಾಗಿ ಯಾರಿಗೂ ಹೇಳಿಲ್ಲ.