ನಾಮಾನನ ಪಯಣ ಮತ್ತು ಆಸ್ಪತ್ರೆಯ ಬಿಲ್ಲು

2023ರ ತಪಸ್ಸುಕಾಲದ ಒಂದು ಮಧ್ಯಾಹ್ನ. ನಮ್ಮ ಧರ್ಮಕೇಂದ್ರದ ರೋಗಿಯೊಬ್ಬರಿಗೆ ವ್ಯಾಧಿಸ್ಥರ ಅಭ್ಯಂಗ ನೀಡಲು ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಹೊರಗೆ ಬರುವಾಗ, ಮೊಗಸಾಲೆಯ ಬೆಂಚಿನ ಮೇಲೆ ಜಪಸರ ಹಿಡಿದು ಕುಳಿತಿದ್ದ ಆಫ್ರಿಕದ ಗೃಹಸ್ಥರೊಬ್ಬರು ನನ್ನ ನಿಲುವಂಗಿ ಕಂಡು ಎದ್ದು ನಿಂತರು. ಟಾಂಜಾನಿಯಾದವರು, ನಮ್ಮಂತೆಯೇ ಕಥೋಲಿಕರು, ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯರು. ಹೆಂಡತಿಯ ಹೃದಯದ ಕವಾಟ ಕೆಟ್ಟಿದ್ದರಿಂದ ಶಸ್ತ್ರಚಿಕಿತ್ಸೆಗೆಂದು ಇಲ್ಲಿಯವರೆಗೆ ಕರೆತಂದಿದ್ದರು. ಯೂರೋಪಿನ ಒಂದು ಆಸ್ಪತ್ರೆಯಿಂದ ಮೊದಲು ಖರ್ಚಿನ ಅಂದಾಜು ತರಿಸಿದ್ದರಂತೆ. ಬೆಂಗಳೂರಿನವರು ಹೇಳಿದ್ದು ಅದರ ಐದನೇ ಒಂದು ಪಾಲೂ ಆಗಿರಲಿಲ್ಲ. ಆದರೂ ಆ ಐದನೇ ಒಂದು ಪಾಲಿಗೆ ತಂದೆಯಿಂದ ಬಂದ ಹೊಲವನ್ನೆಲ್ಲ ಮಾರಬೇಕಾಯಿತು.

“ಫಾದರ್, ಮೂರು ಮಕ್ಕಳ ಅನ್ನವನ್ನು ತಂದು ಇಲ್ಲಿ ಕಟ್ಟಿದ್ದೇನೆ. ನಾನು ಮಾಡಿದ್ದು ಸರಿಯೇ? ಕರೆತರದೆ ಇದ್ದಿದ್ದರೆ ಅವಳನ್ನು ಕೊಂದ ಪಾಪ ನನಗೆ ಬರುತ್ತಿರಲಿಲ್ಲವೇ?” ಎಂದು ಕೇಳಿದರು. ಇದು ಪಾಪನಿವೇದನೆಯಲ್ಲಿ ಕೇಳಿದ ಮಾತಲ್ಲ, ಬೆಂಚಿನ ಮೇಲೆ ಚಹಾ ಕುಡಿಯುತ್ತಾ ಆಡಿದ್ದು. ಬರೆಯಲು ಅವರ ಒಪ್ಪಿಗೆಯನ್ನೂ ಪಡೆದಿದ್ದೇನೆ.

ಈ ಪ್ರಶ್ನೆ ಅವರೊಬ್ಬರದೇ ಅಲ್ಲ. ಶ್ರೀಮಂತ ಅಮೆರಿಕದಲ್ಲೇ ವಿಮೆ ಇಲ್ಲದವರು, ಇದ್ದರೂ ಸಾಲದವರು, ಹಲ್ಲು ಸರಿಪಡಿಸಿಕೊಳ್ಳಲು ಗಡಿ ದಾಟಿ ಮೆಕ್ಸಿಕೊದ ಲಾಸ್ ಆಲ್ಗೊಡೋನೆಸ್ ಎಂಬ ಪುಟ್ಟ ಊರಿಗೆ ಹೋಗುತ್ತಾರೆ. 2004ರಲ್ಲಿ ವಿಮೆಯಿಲ್ಲದ ಅಮೆರಿಕದ ಬಡಗಿಯೊಬ್ಬರಿಗೆ ಹೃದಯದ ಕವಾಟದ ಚಿಕಿತ್ಸೆಗೆ ಅಲ್ಲಿ ಹೇಳಿದ ಅಂದಾಜು ಸುಮಾರು 2 ಲಕ್ಷ ಡಾಲರು. ಅವರು ದೆಹಲಿಗೆ ಬಂದು ಸುಮಾರು 10 ಸಾವಿರ ಡಾಲರಿನಲ್ಲಿ ಗುಣವಾಗಿ ಹಿಂತಿರುಗಿದರು. ಈ ಬಗೆಯ ಪ್ರಯಾಣದ ಕುರಿತು 2006ರಲ್ಲಿ ಅಮೆರಿಕದ ಸೆನೆಟ್ ಸಮಿತಿಯೊಂದು ವಿಚಾರಣೆಯನ್ನೇ ನಡೆಸಿತು. ನಮ್ಮ ದಕ್ಷಿಣ ಕನ್ನಡದ ಡಾಕ್ಟರ್ ದೇವಿ ಶೆಟ್ಟಿಯವರ ಸಂಸ್ಥೆ 2014ರಲ್ಲಿ ಅಮೆರಿಕಕ್ಕೆ ಹತ್ತಿರವಿರುವ ಕೇಮನ್ ದ್ವೀಪದಲ್ಲಿ ಆಸ್ಪತ್ರೆ ತೆರೆಯಲು ಭಾಗಿಯಾದದ್ದು ಸುಮ್ಮನೆ ಅಲ್ಲ. ಕೊಲ್ಲಿ ದೇಶಗಳಲ್ಲಿ ದುಡಿಯುವ ನಮ್ಮವರೂ ಹಲ್ಲಿನಿಂದ ಹಿಡಿದು ಬೈಪಾಸಿನವರೆಗೆ ಎಲ್ಲವನ್ನೂ ರಜೆಗೆ ಊರಿಗೆ ಬಂದಾಗ ಮಾಡಿಸಿಕೊಳ್ಳುವುದು ಯಾರಿಗೆ ಗೊತ್ತಿಲ್ಲ? ಅಲ್ಲಿಯವರಿಗೆ ಅಗ್ಗವೆನಿಸಿದ್ದು ಇಲ್ಲಿಯ ಬಡವನಿಗೆ ಮನೆ ಮಾರುವಷ್ಟು ದುಬಾರಿ. ಇದು ಮೊದಲ ವಿಪರ್ಯಾಸ.

ರೋಗ ವಾಸಿಗಾಗಿ ಪರದೇಶಕ್ಕೆ ಹೋದವರ ಕಥೆ ಪವಿತ್ರ ಗ್ರಂಥಕ್ಕೂ ಹೊಸದಲ್ಲ. ಅರಸುಗಳ ಎರಡನೆಯ ಗ್ರಂಥದ 5ನೇ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಸಿರಿಯದ ಸೇನಾಪತಿ ನಾಮಾನನಿಗೆ ಕುಷ್ಠ. ಮನೆಯ ದಾಸಿ ಹುಡುಗಿಯ ಮಾತು ನಂಬಿ ಹತ್ತು ತಲೆಂತು ಬೆಳ್ಳಿ, ಆರು ಸಾವಿರ ಚಿನ್ನದ ನಾಣ್ಯ, ಹತ್ತು ಜೊತೆ ಬಟ್ಟೆ ಹೊತ್ತುಕೊಂಡು ಇಸ್ರಯೇಲಿಗೆ ಬಂದ. ವಾಸಿಯಾದ ಮೇಲೆ ಪ್ರವಾದಿ ಎಲೀಷ ಒಂದು ಕಾಸನ್ನೂ ಮುಟ್ಟಲಿಲ್ಲ. ಆದರೆ ಅವನ ಸೇವಕ ಗೇಹಜಿ ರಥದ ಹಿಂದೆ ಓಡಿ, ಯಜಮಾನನ ಹೆಸರಿನಲ್ಲಿ ಸುಳ್ಳು ಹೇಳಿ ಎರಡು ತಲೆಂತು ಬೆಳ್ಳಿಯನ್ನೂ ಎರಡು ಜೊತೆ ಬಟ್ಟೆಯನ್ನೂ ವಸೂಲು ಮಾಡಿದ. ಕೊನೆಗೆ ನಾಮಾನನ ಕುಷ್ಠ ಅವನಿಗೇ ಅಂಟಿತು. ವಿದೇಶಿ ರೋಗಿಯ ಬೆನ್ನು ಹತ್ತಿದ ಮೊದಲ ಕಮಿಷನ್ ಏಜೆಂಟ್ ಇವನೇ ಇರಬೇಕು ಎಂದು ನಾನು ಪ್ರಬೋಧನೆಯಲ್ಲಿ ಹೇಳಿದಾಗ ಜನ ನಕ್ಕರು. ಟಾಂಜಾನಿಯಾದ ಉಪಾಧ್ಯಾಯರು ನಗಲಿಕ್ಕಿಲ್ಲ. ವಿಮಾನ ನಿಲ್ದಾಣದಿಂದ ಹಿಡಿದು ತಂಗುವ ಕೋಣೆ, ಓಡಾಡುವ ಕಾರು, ಬೇಡವಾಗಿದ್ದ ಒಂದೆರಡು ಪರೀಕ್ಷೆಗಳವರೆಗೆ ಅವರ ಹೊಲದ ಒಂದು ಮೂಲೆ ಗೇಹಜಿಯಂಥವರ ಪಾಲಾಗಿತ್ತು.

ಇಲ್ಲಿ ಚಿಕಿತ್ಸೆ ಅಗ್ಗ ಏಕೆ ಎಂದೂ ಯೋಚಿಸಬೇಕು. ನಮ್ಮ ವೈದ್ಯರ ಕೈಚಳಕ, ದಿನಕ್ಕೆ ಹತ್ತಾರು ಶಸ್ತ್ರಚಿಕಿತ್ಸೆ ಮಾಡುವ ವ್ಯವಸ್ಥೆ, ಇವು ಮೆಚ್ಚತಕ್ಕ ಕಾರಣಗಳು. ಆದರೆ ರಾತ್ರಿ ಪಾಳಿಯಲ್ಲಿ ನಿಂತೇ ಇರುವ ದಾದಿಯ ಸಂಬಳವೂ ಒಂದು ಕಾರಣ. ಆ ದಾದಿ ನಮ್ಮದೇ ಯಾವುದೋ ಧರ್ಮಕೇಂದ್ರದ ಹುಡುಗಿ. ಮನೆಯವರು ಸಾಲ ಮಾಡಿ ನರ್ಸಿಂಗ್ ಓದಿಸಿದ್ದಾರೆ. ಇನ್ನು ಮೂತ್ರಪಿಂಡದ ವಿಷಯದಲ್ಲಂತೂ ಅಗ್ಗವೆಂಬ ಮಾತಿಗೆ ಕರಾಳ ಅರ್ಥವಿತ್ತು. ತೊಂಬತ್ತರ ದಶಕದಲ್ಲಿ ಬೆಂಗಳೂರು ಕಿಡ್ನಿ ವ್ಯಾಪಾರಕ್ಕೆ ಕುಖ್ಯಾತವಾಗಿತ್ತು. 1994ರಲ್ಲಿ ಅಂಗಾಂಗ ಕಸಿಯ ಕಾನೂನು ಬಂದು ಮಾರಾಟ ಅಪರಾಧವಾಯಿತು. ಮಾನವ ದೇಹದ ಅಂಗ ವ್ಯಾಪಾರದ ಸರಕಲ್ಲ ಎಂದು ಜಗದ್ಗುರು ಎರಡನೇ ಜಾನ್ ಪೌಲರು 2000ದ ಆಗಸ್ಟಿನಲ್ಲಿ ಕಸಿ ತಜ್ಞರ ಸಮ್ಮೇಳನದಲ್ಲಿ ಸ್ಪಷ್ಟವಾಗಿ ಬೋಧಿಸಿದರು. ಎಷ್ಟೇ ಕಷ್ಟವಿರಲಿ, ಬೇರೆ ದೇಶದ ಬಡವನ ಅಂಗ ಕೊಳ್ಳಲು ವಿಮಾನ ಹತ್ತುವ ಹಕ್ಕು ಯಾರಿಗೂ ಇಲ್ಲ. ಈ ವಿಷಯದಲ್ಲಿ ನನಗೆ ಸಂದೇಹವೇ ಇಲ್ಲ.

ಸಂದೇಹವಿರುವುದು ಉಪಾಧ್ಯಾಯರ ಪ್ರಶ್ನೆಯಲ್ಲಿ. ಜೀವ ದೇವರು ಕೊಟ್ಟದ್ದು, ಅದನ್ನು ಕಾಪಾಡಿಕೊಳ್ಳುವುದು ನಮ್ಮ ಕರ್ತವ್ಯ. ಆದರೆ ಎಲ್ಲಿಯವರೆಗೆ? ಹದಿನಾರನೇ ಶತಮಾನದಲ್ಲಿ ಸಲಮಾಂಕದ ದೊಮಿನಿಕನ್ ಗುರು ಫ್ರಾನ್ಸಿಸ್ಕೊ ದಿ ವಿತೋರಿಯ ಈ ಪ್ರಶ್ನೆ ಎತ್ತಿದರು. ಕೋಳಿಮಾಂಸ ತಿಂದರೆ ಆಯುಸ್ಸು ಹೆಚ್ಚುತ್ತದೆಂದು ವೈದ್ಯರು ಹೇಳಿದರೂ ಅಂಥ ದುಬಾರಿ ಆಹಾರವನ್ನೇ ತಿನ್ನಬೇಕೆಂಬ ಹಂಗು ಇಲ್ಲ, ಸಾಮಾನ್ಯರು ಉಣ್ಣುವುದನ್ನು ಉಂಡರೆ ಸಾಕು ಎಂಬುದು ಅವರ ನಿಲುವು. ಸೆಮಿನರಿಯಲ್ಲಿ ಈ ಕೋಳಿಯ ಪ್ರಸ್ತಾಪ ಓದಿ ನಾವು ನಕ್ಕಿದ್ದೆವು. ಬದುಕು ಉದ್ದವಾಗಲೆಂದು ಸ್ವದೇಶ ಬಿಟ್ಟು ಒಳ್ಳೆಯ ಹವೆಯ ಊರಿಗೆ ಹೋಗುವ ಕಡ್ಡಾಯವೂ ಇಲ್ಲವೆಂದು ಆ ಪರಂಪರೆಯವರು, ಮುಂದೆ ಸಂತ ಅಲ್ಫೋನ್ಸ್ ಲಿಗೋರಿಯವರೂ ಬರೆದರು. ಸಾಧಾರಣ ಸಾಧನ, ಅಸಾಧಾರಣ ಸಾಧನ ಎಂಬ ವಿಂಗಡಣೆ ಹೀಗೆ ಬೆಳೆಯಿತು. ಜಗದ್ಗುರು ಹನ್ನೆರಡನೇ ಪಯಸ್‌ರವರು 1957ರಲ್ಲಿ ಅದನ್ನೇ ವೈದ್ಯರಿಗೆ ವಿವರಿಸಿದರು. ಮನೆಯವರ ಮೇಲೆ ಅತಿಯಾದ ಖರ್ಚು ಹೊರಿಸಬಾರದೆಂದು ರೋಗಿ ಚಿಕಿತ್ಸೆ ಬೇಡವೆಂದರೆ ಅದು ಆತ್ಮಹತ್ಯೆಯಲ್ಲ ಎಂದು 1980ರಲ್ಲಿ ರೋಮಿನ ವಿಶ್ವಾಸ ಬೋಧನಾ ಪೀಠದ ಘೋಷಣೆ ಹೇಳಿತು. ಹಾಗಾದರೆ ಉತ್ತರ ಸುಲಭವಲ್ಲವೇ? ಹೊಲ ಮಾರುವ ಹಂಗಿರಲಿಲ್ಲ, ಸಮುದ್ರ ದಾಟುವ ಹಂಗೂ ಇರಲಿಲ್ಲ, ಬಾರದಿದ್ದರೂ ಪಾಪವಿಲ್ಲ.

ಅಷ್ಟು ಸುಲಭವಾಗಿ ಉತ್ತರಿಸುವ ಧೈರ್ಯ ಅಂದು ನನಗೆ ಬರಲಿಲ್ಲ. ಏಕೆಂದರೆ ಎರಡು ವರ್ಷದ ಹಿಂದೆ ಒಮ್ಮೆ ಹಾಗೆ ಉತ್ತರಿಸಿದ್ದೆ.

ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು, ಒಂದೂವರೆ ಎಕರೆ ಅಡಿಕೆ ತೋಟದ ಒಡೆಯರು. ಹೃದಯದ ರಕ್ತನಾಳಗಳು ಮೂರು ಕಡೆ ಕಟ್ಟಿಕೊಂಡಿದ್ದವು. ಬೈಪಾಸಿಗೆ ಖಾಸಗಿ ಆಸ್ಪತ್ರೆಯವರು ಮೂರು ಲಕ್ಷದ ಮೇಲೆ ಹೇಳಿದ್ದರು. ಭಾನುವಾರ ಪೂಜೆ ಮುಗಿದ ಮೇಲೆ ಬಂದು, “ಸ್ವಾಮಿ, ತೋಟ ಮಾರೋದು ಬೇಡ ಅಂತ ಮಾಡಿದೀನಿ. ಮಗನಿಗೆ ಅದೊಂದೇ ಇರೋದು. ಆಪರೇಷನ್ ಬೇಡ ಅಂದ್ರೆ ಆತ್ಮಹತ್ಯೆ ಮಾಡ್ಕೊಂಡ ಹಾಗೆ ಆಗುತ್ತಾ?” ಎಂದು ಕೇಳಿದರು. ನಾನು ವಿತೋರಿಯರಿಂದ ಹಿಡಿದು ಪಯಸ್‌ರವರೆಗೆ ಎಲ್ಲವನ್ನೂ ಸರಳವಾಗಿ ವಿವರಿಸಿದೆ. ಅವರ ಮುಖ ಹಗುರಾಯಿತು. ಕೈಮುಗಿದು ಹೋದರು. ಒಳ್ಳೆಯ ಮೇಯ್ಪರ ಕೆಲಸ ಮಾಡಿದೆನೆಂದು ನನಗೂ ಸಮಾಧಾನವಾಯಿತು.

ಎರಡು ತಿಂಗಳ ಮೇಲೆ ನಮ್ಮೂರಿನ ಆಶಾ ಕಾರ್ಯಕರ್ತೆ ಸಹಜವಾಗಿ ಕೇಳಿದರು: “ಫಾದರ್, ಅವರದು ಬಿಪಿಎಲ್ ಕಾರ್ಡಲ್ವಾ? ಯಾಕೆ ಆಪರೇಷನ್ ಮಾಡಿಸಿಲ್ಲ?” ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕು, ಅಷ್ಟೇ. ಬೆಂಗಳೂರು, ಮೈಸೂರುಗಳಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯೂ ಇದೆ. ಓಡಾಡಿ ಪತ್ರ ಮಾಡಿಸಿದೆವು. ಅಷ್ಟರಲ್ಲಿ ಅವರಿಗೆ ಮತ್ತೊಂದು ಹೃದಯಾಘಾತವಾಗಿತ್ತು. ಈ ಹೃದಯ ಶಸ್ತ್ರಚಿಕಿತ್ಸೆಯನ್ನು ತಾಳದು ಎಂದರು ವೈದ್ಯರು. ಮುಂದಿನ ಮಳೆಗಾಲವನ್ನು ಅವರು ನೋಡಲಿಲ್ಲ.

ನಾನು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಪಾಪವೇ ಎಂದು ಅವರು ಕೇಳಿದರು, ಅಲ್ಲವೆಂದು ನಾನು ಹೇಳಿದೆ. ರೇಷನ್ ಕಾರ್ಡು ಯಾವುದೆಂದು ಕೇಳಲು ನನಗೆ ತೋಚಲಿಲ್ಲ. ಅಂದಿನಿಂದ ಈ ಬೋಧನೆಯನ್ನು ಬೇರೆ ಕಣ್ಣಿನಿಂದ ಓದುತ್ತಿದ್ದೇನೆ. ಖರ್ಚು ಅತಿಯಾಯಿತು, ಬೇಡ ಎಂದು ಹೇಳುವ ಸ್ವಾತಂತ್ರ್ಯವನ್ನು ಧರ್ಮಸಭೆ ಕೊಟ್ಟಿರುವುದು ರೋಗಿಗೆ, ಅವನ ಮನಸ್ಸಿನ ಭಾರ ಇಳಿಯಲೆಂದು. ಸುತ್ತ ನಿಂತ ನಮಗೆ, ನಮ್ಮ ಜೇಬು ಉಳಿಯಲೆಂದು ಕೊಟ್ಟದ್ದಲ್ಲ. ಅಪ್ಪನಿಗೆ ವಯಸ್ಸಾಯಿತು, ಅಸಾಧಾರಣ ಸಾಧನ ಕಡ್ಡಾಯವಲ್ಲವಂತೆ ಎಂದು ಮಗ ಹೇಳಿದರೆ ಅದೇ ಮಾತಿಗೆ ಬೇರೆ ಅರ್ಥ. ಧರ್ಮಕೇಂದ್ರದ ಹಬ್ಬದ ದೀಪಾಲಂಕಾರಕ್ಕೆ ಲಕ್ಷ ಎತ್ತಿದ ನಾವು ಹಾಗೆ ಹೇಳಿದರಂತೂ ಕೇಳಲೇ ಬೇಡಿ. ಶುಭಸಂದೇಶದ ಸಮಾರಿಯದವನು ಛತ್ರದವನಿಗೆ ಎರಡು ದಿನಾರಿ ಕೊಟ್ಟು, ಹೆಚ್ಚಿಗೆ ಆದ ಖರ್ಚನ್ನು ಹಿಂದಿರುಗುವಾಗ ತೀರಿಸುತ್ತೇನೆಂದ. ಬಿಲ್ಲು ಎಷ್ಟಾಗುತ್ತದೆಂದು ತಿಳಿಯುವ ಮೊದಲೇ ಒಪ್ಪಿಕೊಂಡವನು, ಅದೂ ಪರದೇಶದವನು. ಈಗ ನಮ್ಮ ವಿನ್ಸೆಂಟ್ ದಿ ಪೌಲ್ ಸಭೆಯ ಇಬ್ಬರು ಪ್ರತಿ ಭಾನುವಾರ ಎರಡನೇ ಪೂಜೆಯ ನಂತರ ಮೇಜು ಹಾಕಿ ಕೂರುತ್ತಾರೆ. ಕಾರ್ಡು, ಶಿಫಾರಸು ಪತ್ರ, ಯಾವ ಆಸ್ಪತ್ರೆ ಎಂಬುದನ್ನೆಲ್ಲ ನೋಡಿಕೊಡುತ್ತಾರೆ.

ಆದ್ದರಿಂದ ಆ ಬೆಂಚಿನ ಮೇಲೆ ನಾನು ಉತ್ತರ ಹೇಳುವ ಬದಲು ಪ್ರಶ್ನೆ ಕೇಳಿದೆ. “ನಿಮ್ಮ ಮನೆಯವರು ಏನು ಹೇಳುತ್ತಾರೆ?” ಉಪಾಧ್ಯಾಯರು ತಲೆ ತಗ್ಗಿಸಿದರು. ಹೊಲ ಮಾರಿದ್ದು ಆಕೆಗೆ ಗೊತ್ತೇ ಇರಲಿಲ್ಲ. ಸರ್ಕಾರ ದುಡ್ಡು ಕೊಟ್ಟಿದೆ ಎಂದು ನಂಬಿಸಿ ಕರೆತಂದಿದ್ದರು. ಪ್ರೀತಿಯಿಂದಲೇ ಮಾಡಿದ್ದು, ನಿಜ. ಆದರೆ ದೇಹ ಆಕೆಯದು, ಮಕ್ಕಳು ಆಕೆಯವೂ ಹೌದು. ಮನೆಯವರ ಹಕ್ಕು ರೋಗಿಯ ಇಚ್ಛೆಯನ್ನು ಅವಲಂಬಿಸಿದೆ ಎಂದು 1957ರ ಅದೇ ಉಪನ್ಯಾಸದಲ್ಲಿ ಹನ್ನೆರಡನೇ ಪಯಸ್‌ರವರು ಸೂಚಿಸಿದ್ದಾರೆ. ಪ್ರಜ್ಞೆ ತಪ್ಪಿದ ರೋಗಿಯ ವಿಷಯದಲ್ಲೇ ಹಾಗಾದರೆ, ಎಚ್ಚರವಾಗಿ ಪಕ್ಕದ ಕೋಣೆಯಲ್ಲಿ ಮಲಗಿರುವವರನ್ನು ಕೇಳದೆ ಇರುವುದು ಹೇಗೆ? ಅಂದೇ ಸಂಜೆ ಹೇಳಿಬಿಡಿ ಎಂದೆ. ಆಪರೇಷನ್ನಿಗೆ ಇನ್ನೂ ಮೂರು ದಿನವಿತ್ತು.

ಮರುದಿನ ಹೋದಾಗ ಆಕೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಗಂಡನ ಜೊತೆ ಮಾತು ಬಿಟ್ಟಿದ್ದರು. ನಾನು ತಪ್ಪು ಸಲಹೆ ಕೊಟ್ಟೆನೇನೋ ಎಂದು ಅಳುಕಿದೆ. ಅದರ ಮರುದಿನ ಆಕೆಯೇ ನಿರ್ಧರಿಸಿದ್ದರು: ಆಪರೇಷನ್ ಆಗಲಿ, ಆದರೆ ಉಳಿದದ್ದೆಲ್ಲ ತನ್ನ ಲೆಕ್ಕದಲ್ಲಿ. ಏಜೆಂಟನ ಕಾರು ಬೇಡ, ಹವಾನಿಯಂತ್ರಿತ ಕೋಣೆ ಬೇಡ, ವಾರ್ಡು ಸಾಕು. ಗಂಡ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಲೆಯಿರುವ ಬಾಡಿಗೆ ಕೋಣೆ ಹಿಡಿದು ಮುಸುಕಿನ ಜೋಳದ ಹಿಟ್ಟಿನ ಮುದ್ದೆ ಮಾಡಿಕೊಳ್ಳಬೇಕು. ನಮ್ಮ ರಾಗಿಮುದ್ದೆಯ ತಮ್ಮನಂತಿತ್ತು ಅದು. ಒಂದು ದಿನ ನಾನೂ ಉಂಡೆ. ಉಳಿದ ಹಣದಲ್ಲಿ ಹೊಲದ ಒಂದು ತುಂಡನ್ನಾದರೂ ಬಿಡಿಸಿಕೊಳ್ಳಬಹುದೆಂದು ಆಕೆ ಕಾಗದದ ಮೇಲೆ ಲೆಕ್ಕ ಬರೆದಿಟ್ಟಿದ್ದರು.

ಪಾಸ್ಖ ಹಬ್ಬದ ನಂತರದ ವಾರ ಅವರು ಊರಿಗೆ ಮರಳಿದರು. ಹೊಲ ಕೊಂಡವನು ಬಿಟ್ಟುಕೊಡಲು ಒಪ್ಪಲಿಲ್ಲವಂತೆ. ಅದರಲ್ಲೇ ಸ್ವಲ್ಪವನ್ನು ಗೇಣಿಗೆ ಹಿಡಿದಿದ್ದಾರೆ. ಹಿರಿಯ ಮಗ ಒಂದು ವರ್ಷ ಶಾಲೆ ಬಿಡಬೇಕಾಯಿತು. ಆಕೆ ನೀರು ಹೊರುವುದಿಲ್ಲ, ಉಳಿದ ಕೆಲಸವೆಲ್ಲ ಮಾಡುತ್ತಾರೆ. ಹುಡುಗ ಮತ್ತೆ ಶಾಲೆಗೆ ಸೇರಿದನೆಂದು ಉಪಾಧ್ಯಾಯರು ಆಮೇಲೆ ಬರೆದರು; ಕೆಳಗೆ ಆಕೆಯ ಕೈಬರಹದಲ್ಲಿ ಆ ವರ್ಷದ ಫೀಸಿನ ಮೊತ್ತವೂ ಇತ್ತು.