ಇಳಿಜಾರಿನಲ್ಲಿ ಕೈಗಾಡಿ

ಜುಲೈ ತಿಂಗಳ ಒಂದು ಸಂಜೆ, ಯೂಟಾದ ನಮ್ಮ ಮನೆಯ ಅಡುಗೆಮನೆ. ನಾನು ವಯೋಮಿಂಗಿನಿಂದ ಹಿಂದಿರುಗಿ ಎರಡು ದಿನವಾಗಿತ್ತು. ಅಂಗಾಲಿನ ಬೊಬ್ಬೆಗಳು ಒಡೆದಿದ್ದವು. ಬೋಗುಣಿಯಲ್ಲಿ ಉಪ್ಪು ಹಾಕಿದ ಬಿಸಿನೀರಿಟ್ಟುಕೊಂಡು ಕಾಲು ಅದ್ದಿ ಕೂತಿದ್ದೆ. ಎದುರಿಗೆ ಮಾವ, ನಮ್ಮಮ್ಮನ ಅಣ್ಣ. ಹಾಸನದಲ್ಲಿ ಇತಿಹಾಸದ ಮೇಷ್ಟರಾಗಿ ನಿವೃತ್ತರಾದವರು, ಸಿ.ಎಸ್.ಐ. ಸಭೆಯ ಹಿರಿಯರು. ಬೆಂಗಳೂರಿನಲ್ಲಿ ಓದುವಾಗ ನಾನು ಯೇಸು ಕ್ರಿಸ್ತನ ಕಡೇ ದಿನಗಳ ಸಂತರ ಸಭೆಗೆ, ಜನ ಮಾರ್ಮನ್ ಎಂದು ಕರೆಯುವ ಸಭೆಗೆ, ಸೇರಿದಾಗ ನೆಂಟರಲ್ಲಿ ನನ್ನೊಡನೆ ಮಾತು ಬಿಡದೆ ಉಳಿದವರು ಅವರೊಬ್ಬರೇ. ಅವರು ಕೇಳಿದ್ದಕ್ಕೆ ನಾನು ಜಾರಿಕೊಳ್ಳುವ ಉತ್ತರ ಕೊಡುವುದಿಲ್ಲ.

ಮಾವ: ನಿನ್ನ ಕಾಲು ನೋಡಿದರೆ ನಡೆದಿದ್ದೀಯ ಅನ್ನೋದರಲ್ಲಿ ಅನುಮಾನ ಇಲ್ಲ. ನನ್ನ ಅನುಮಾನ ಬೇರೆ. ಹದಿನಾಲ್ಕರಿಂದ ಹದಿನೆಂಟರ ಮಕ್ಕಳಿಗೆ ಹಳೇ ಕಾಲದ ಲಂಗ, ಟೋಪಿ ತೊಡಿಸಿ, ಕೈಗಾಡಿ ಎಳೆಸಿ, ಮೂರು ದಿನ ಬಯಲಲ್ಲಿ ನಡೆಸಿದಿರಿ. ಹಿಂದೆ ನೀರಿನ ಲಾರಿ ಇತ್ತು, ನರ್ಸ್ ಇದ್ದರು, ರಾತ್ರಿ ಬಿಸಿ ಊಟ ಇತ್ತು. ಇದರಲ್ಲಿ ನಿಜ ಯಾವುದು ಕಣೇ?

ನಾನು: ಬೊಬ್ಬೆ ನಿಜ, ಬಿಸಿಲು ನಿಜ. ಹಸಿವು ಸುಳ್ಳು, ಭಯವೂ ಸುಳ್ಳು. ಇದನ್ನ ಮೊದಲ ರಾತ್ರಿಯೇ ಮಕ್ಕಳಿಗೆ ಹೇಳಿಬಿಟ್ಟೆ. 1856ರಲ್ಲಿ ಕೈಗಾಡಿ ಎಳೆದು ಯೂಟಾಕ್ಕೆ ಬಂದ ನಮ್ಮ ಸಭೆಯ ವಲಸಿಗರ ನೋವು ನಿಮಗೆ ಸಿಗಲ್ಲ, ಅವರು ಎಳೆದ ಭಾರದ ಅಂದಾಜು ಸಿಕ್ಕರೆ ಸಾಕು ಅಂದೆ.

ಮಾವ: ಭಾರದ ಅಂದಾಜಿಗೆ ತಕ್ಕಡಿ ಸಾಕಲ್ಲ. ಆ ವಲಸೆಯ ಬಗ್ಗೆ ವಾಲೆಸ್ ಸ್ಟೆಗ್ನರ್ ಬರೆದ ಪುಸ್ತಕ ನಿನ್ನ ಕಪಾಟಿನಲ್ಲಿತ್ತಲ್ಲ, ಓದಿ ಮುಗಿಸಿದೆ. ಒಬ್ಬೊಬ್ಬರಿಗೆ 17 ಪೌಂಡ್ ಸಾಮಾನು, ಎಂಟು ಕಿಲೋ ಕೂಡ ಇಲ್ಲ. ಐದು ಜನಕ್ಕೆ ಒಂದು ಗಾಡಿ. ಅಯೋವಾ ಸಿಟಿಯಿಂದ ಸಾಲ್ಟ್ ಲೇಕ್ ಸಿಟಿಗೆ 1300 ಮೈಲಿ. ಕರಿಹಲಗೆಯ ಮೇಲೆ ಬರೆದರೆ ಅರ್ಧ ಗಂಟೆಯ ಪಾಠ.

ನಾನು: ಹಸಿಮರದ ಗಾಡಿ ಅಂತ ಹಲಗೆಯ ಮೇಲೆ ಬರೆಯಬಹುದು ಮಾವ, ಅದರ ಸದ್ದು ಹೇಗೆ ಬರೀತೀರಿ? ಇಂಗ್ಲೆಂಡಿನಿಂದ, ಸ್ಕ್ಯಾಂಡಿನೇವಿಯಾದಿಂದ ಬಂದ ಬಡವರಿಗೆಲ್ಲ ಎತ್ತಿನ ಬಂಡಿ ಕೊಡೋಕೆ ಸಭೆಯ ವಲಸೆ ನಿಧಿಯಲ್ಲಿ ದುಡ್ಡಿರಲಿಲ್ಲ. 1855ರಲ್ಲಿ ಮಿಡತೆ ಬಂದು ಯೂಟಾದ ಬೆಳೆ ತಿಂದುಹಾಕಿತ್ತು. ಅದಕ್ಕೇ ಸಭೆಯ ಆಗಿನ ಅಧ್ಯಕ್ಷ ಬ್ರಿಗಮ್ ಯಂಗ್ ಕೈಗಾಡಿ ಅಂದಿದ್ದು. 1856ರ ಬೇಸಿಗೆಯಲ್ಲಿ ಕೊನೆಯ ಹಡಗುಗಳ ಜನ ತಡವಾಗಿ ಬಂದರು, ಗಾಡಿ ತಯಾರಿರಲಿಲ್ಲ. ಒಣಗದ ಮರದಲ್ಲೇ ಆತುರಾತುರವಾಗಿ ಮಾಡಿದರು. ಒಣ ಸೀಮೆಗೆ ಬಂದಮೇಲೆ ಮರ ಕುಗ್ಗಿತು, ಗಾಲಿ ಸಡಿಲಾಯಿತು, ಮರಳು ಸೇರಿ ಅಚ್ಚು ಸವೆಯಿತು. ಕೀಲೆಣ್ಣೆ ಇಲ್ಲದೆ ತಿನ್ನೋ ಹಂದಿಮಾಂಸದ ಕೊಬ್ಬನ್ನ, ಸಾಬೂನನ್ನ ಅಚ್ಚಿಗೆ ಬಳಿದರು. ನಮ್ಮ ಗಾಡಿಯೂ ಎರಡನೇ ದಿನ ಮಧ್ಯಾಹ್ನವೆಲ್ಲ ಕಿರುಗುಟ್ಟಿತು. ತಡೆಯಲಾರದೆ ಒಬ್ಬ ಹುಡುಗ, ನನ್ನ ಬ್ರೆಡ್ಡಿನ ಬೆಣ್ಣೆ ಬಳೀಲಾ ಅಂತ ಕೇಳಿದ. ಕೇಳಿದವನು ಕೈಯಲ್ಲಿದ್ದ ಬ್ರೆಡ್ಡನ್ನೇ ನೋಡ್ತಾ ನಿಂತುಬಿಟ್ಟ. ಊಟ ತೆಗೆದು ಗಾಲಿಗೆ ಬಳಿಯೋದು ಅಂದರೆ ಏನು ಅಂತ ಅವನಿಗೆ ಹೊಳೆದಿತ್ತು. ತಕ್ಕಡಿಯಲ್ಲಿ ಅದು ತೂಗಲ್ಲ.

ಮಾವ: ಸರಿ, ಒಪ್ಪಿದೆ. ಆದರೂ ಒಂದು ಕೊಸರು ಉಳಿಯುತ್ತೆ. ಶಿವರಾತ್ರಿ ಹತ್ತಿರ ಬಂತು ಅಂದರೆ ಬೆಂಗಳೂರು ಕಡೆಯಿಂದ ಧರ್ಮಸ್ಥಳಕ್ಕೆ ನಡೆದು ಹೋಗೋರು ನಮ್ಮ ಹಾಸನದ ಮೇಲೆ ಹಾದು, ಚಾರ್ಮಾಡಿ ಘಾಟಿ ಇಳೀತಾರೆ. ಎಷ್ಟೋ ವರ್ಷ ರಸ್ತೆ ಬದಿ ನಿಂತು ನೋಡಿದ್ದೇನೆ. ಅವರು ಯಾರ ವೇಷವನ್ನೂ ಹಾಕಲ್ಲ. ಅವರ ಹರಕೆ, ಅವರ ಕಾಲು. ನಿನ್ನ ಮಕ್ಕಳದು ಹರಕೆ ಯಾರದೋ, ಕಾಲು ಯಾರದೋ.

ನಾನು: ಹೆಸರೂ ಯಾರದೋ. ಹೊರಡೋ ಮುಂಚೆ ಪ್ರತಿ ಮಗುವಿಗೂ ಒಂದು ಕಾರ್ಡ್ ಕೊಡ್ತೀವಿ. ಅದರಲ್ಲಿ ಆವತ್ತು ನಿಜವಾಗಿ ನಡೆದಿದ್ದ ಒಬ್ಬರ ಹೆಸರು, ವಯಸ್ಸು, ಊರು. ಆ ಹೆಸರು ಹೊತ್ತು ನಡೀಬೇಕು. ಬೇರೆ ಬೇರೆ ಮನೆಯ ಒಂಬತ್ತು ಮಕ್ಕಳು ಸೇರಿ ಒಂದು ‘ಕುಟುಂಬ’, ಅದಕ್ಕೆ ನಾನು, ನಮ್ಮ ಮನೆಯವರು ಅಮ್ಮ-ಅಪ್ಪ.

ಮಾವ: ಆ ಹೆಸರುಗಳೆಲ್ಲ ಆ ಮಕ್ಕಳ ವಂಶದವರದ್ದಾ?

ನಾನು: ಇಬ್ಬರಿಗೆ ಹೌದು. ಉಳಿದವರಿಗೆ ಇಲ್ಲ. ಒಬ್ಬಳ ಮನೆಯವರು ಟೋಂಗಾದಿಂದ ಬಂದವರು. ನನಗಂತೂ ಆ ಬಯಲಲ್ಲಿ ಯಾರೂ ಇಲ್ಲ.

ಮಾವ: ನಮ್ಮವರು ಬೇರೆ ಬಯಲಲ್ಲಿ ನಡೆದರು. ಧಾತು-ಈಶ್ವರ ಸಂವತ್ಸರದ ಬರ, 1876ರಿಂದ 78. ನಮ್ಮ ಮುತ್ತಜ್ಜಿಯ ತಾಯಿ ಗಂಜಿ ಸಿಗುತ್ತೆ ಅಂತ ಊರು ಬಿಟ್ಟು ನಡೆದ ಹುಡುಗಿ. ಜೊತೆಗೆ ಹೊರಟವರು ಯಾರೂ ಉಳೀಲಿಲ್ಲ, ಅವಳೊಬ್ಬಳು ಮಿಷನ್ನಿನ ಅನಾಥಾಲಯ ಸೇರಿದಳು. ಅಲ್ಲಿಂದ ನಾವು. ಆ ದಾರಿಯನ್ನ ಯಾರಾದರೂ ಮತ್ತೆ ನಡೆದರಾ? ಯಾವ ಮಗುವಿನ ಕೈಗಾದರೂ ಅವಳ ಹೆಸರಿನ ಕಾರ್ಡ್ ಕೊಟ್ಟರಾ? ನಾನು ಮೂವತ್ತು ವರ್ಷ ಇತಿಹಾಸ ಕಲಿಸಿದವನು, ನಾನೇ ಕೊಡಲಿಲ್ಲ.

ಅವರ ದನಿ ತಗ್ಗಿತು. ಅಮ್ಮ ಬದುಕಿದ್ದಾಗಲೂ ಈ ಮಾತು ನಮ್ಮ ಮನೆಯಲ್ಲಿ ಒಂದೆರಡು ಸಲ ಬಂದು, ಮುಂದುವರಿಯದೆ ನಿಂತದ್ದು ನೆನಪಿದೆ.

ನಾನು: ಯಾಕೆ ಕೊಡಲಿಲ್ಲ ಮಾವ?

ಮಾವ: ಆ ನಡಿಗೆಗೆ ತುದಿ ಇರಲಿಲ್ಲ. ನಿಮ್ಮವರ ದಾರಿಯ ಕೊನೇಲಿ ಒಂದು ಪಟ್ಟಣ ಇತ್ತು, ಅದನ್ನ ಅವರು ಚೀಯೋನ್ ಅಂದರು. ತಲುಪಿದವರ ಮಕ್ಕಳು ಕಥೆ ಕಟ್ಟಿದರು. ಬರದಲ್ಲಿ ನಡೆದವರು ತಲುಪಿದ್ದು ಗಂಜಿಯ ಸಾಲಿಗೆ. ಅದರ ಕಥೆ ಯಾರು ಕಟ್ತಾರೆ? ನೋವು ತಾನಾಗಿ ನೆನಪಾಗಿ ಉಳಿಯಲ್ಲ ಕಣೇ, ಅದು ಒಂದು ಕಡೆ ತಲುಪಬೇಕು. ಅದಕ್ಕೇ ನನಗೆ ತಲುಪಿದವರ ಕಥೆಯ ಮೇಲೆ ಯಾವಾಗಲೂ ಒಂದು ಕಣ್ಣು. ತಲುಪಿದ್ದರಿಂದ ದಾರಿಯ ತಪ್ಪೆಲ್ಲ ಒಪ್ಪಾಗಿಬಿಡುತ್ತೆ. ಮಕ್ಕಳಿಗೆ ಆ ನದಿ ದಾಟಿಸಿದ ಕಥೆ ಹೇಳಿದೆಯಾ?

ನಾನು: ಸ್ವೀಟ್‌ವಾಟರ್ ನದಿಯದ್ದಾ? 1856ರ ನವೆಂಬರ್ 4, ಮಂಜುಗಡ್ಡೆ ತೇಲ್ತಾ ಇದ್ದ ನೀರು. ಸಾಲ್ಟ್ ಲೇಕಿನಿಂದ ರಕ್ಷಣೆಗೆ ಬಂದಿದ್ದ ಹದಿನೆಂಟರ ಮೂವರು ಹುಡುಗರು ಮಾರ್ಟಿನ್ ಅನ್ನೋರ ಕೈಗಾಡಿ ತಂಡದ ಜನರನ್ನೆಲ್ಲ ಹೊತ್ತು ದಾಟಿಸಿದರು, ಆ ಚಳಿ ತಗುಲಿಯೇ ಮುಂದೆ ಸತ್ತರು ಅಂತ ನಾನು ಕೇಳಿದ್ದೆ. ಅದೇ ದಡದಲ್ಲಿ ನಿಂತು ಹೇಳಿದೆ. ಆಮೇಲೆ ಎರಡನೇ ಕಥೆಯನ್ನೂ ಹೇಳಿದೆ. ನಮ್ಮ ಸಭೆಯ ಇತಿಹಾಸಕಾರ ಚಾಡ್ ಓರ್ಟನ್ 2006ರಲ್ಲಿ ಹಳೆಯ ದಾಖಲೆ ತಿರುವಿ ಬರೆದಿದ್ದು: ಹೊತ್ತವರು ಮೂವರಿಗಿಂತ ಹೆಚ್ಚು, ಎಲ್ಲರಿಗೂ ಹದಿನೆಂಟಲ್ಲ, ಎಷ್ಟೋ ಜನ ತಾವೇ ನೀರಿಗಿಳಿದು ದಾಟಿದರು, ಆ ಹುಡುಗರು ಆ ನೀರಿನಿಂದ ಸಾಯಲೂ ಇಲ್ಲ.

ಮಾವ: ಮಕ್ಕಳ ಮುಖ ಬಾಡಿರಬೇಕು.

ನಾನು: ಕೆಲವರದು ಬಾಡಿತು. ಟೋಂಗಾದ ಹುಡುಗಿ ಮಾತ್ರ, ಸಾಯದೆ ಮುದುಕರಾಗಿದ್ದರೆ ಒಳ್ಳೇದೇ ಆಯ್ತಲ್ಲ ಅಂದಳು. ನನಗೆ ಅಷ್ಟು ಸಾಕಾಗಿತ್ತು. ಹೊತ್ತಿದ್ದು ನಿಜ. ಅದಕ್ಕೆ ಸಾವು ಸೇರಿಸಿದರೇ ಬೆಲೆ ಅಂತ ಮಕ್ಕಳು ಕಲಿಯೋದು ನನಗೆ ಬೇಡ.

ಮಾವ: ಇದು ಮೆಚ್ಚಿದೆ. ಈಗ ಕಷ್ಟದ ಪ್ರಶ್ನೆ. ಆ ಜನ ನವೆಂಬರಿನ ನೀರಿನಲ್ಲಿ ಯಾಕಿದ್ದರು?

ನಾನು: ತಡವಾಗಿ ಹೊರಟರು. ಅದನ್ನೂ ಮುಚ್ಚಿಡಲಿಲ್ಲ. 1856ರಿಂದ 1860ರವರೆಗೆ ಹತ್ತು ತಂಡ, ಹತ್ತಿರ ಹತ್ತಿರ 3000 ಜನ ಕೈಗಾಡಿ ಎಳೆದು ಬಂದರು. ಕೈಗಾಡಿಯೇ ತಪ್ಪು ಅನ್ನೋ ಹಾಗಿಲ್ಲ. ಆ ವರ್ಷದ ಮೊದಲ ಮೂರು ತಂಡ ಅಕ್ಟೋಬರ್ ಎರಡರೊಳಗೆ ಊರು ಸೇರಿದವು. ಕೊನೆಯ ಎರಡು ತಂಡ, ಜೇಮ್ಸ್ ವಿಲಿಯವರದು, ಎಡ್ವರ್ಡ್ ಮಾರ್ಟಿನ್ನರದು, ಸುಮಾರು 1000 ಜನ, ಆಗಸ್ಟಿನಲ್ಲಿ ಇನ್ನೂ ನೆಬ್ರಾಸ್ಕದ ಫ್ಲಾರೆನ್ಸಿನಲ್ಲಿದ್ದರು. ಅಲ್ಲೇ ಚಳಿಗಾಲ ಕಳೆಯೋದಾ, ಮುಂದೆ ಹೋಗೋದಾ ಅಂತ ಕೂಟ ಸೇರಿತು. ಲೀವೈ ಸ್ಯಾವೇಜ್ ಅನ್ನೋ ಉಪನಾಯಕ ಒಬ್ಬರು ಎದ್ದುನಿಂತು, ಮುದುಕರು ಮಕ್ಕಳನ್ನ ಕಟ್ಟಿಕೊಂಡು ಈಗ ಹೊರಟರೆ ಸಾವು ಖಂಡಿತ ಅಂತ ಕಣ್ಣೀರಿಟ್ಟು ಹೇಳಿದರು. ಸಭೆಯ ಸೇವೆಗೆ ಅಂತ ಕಲ್ಕತ್ತೆಗೆ ಬಂದು, ಬರ್ಮಾದಲ್ಲಿದ್ದು, ಆಗತಾನೆ ವಾಪಸಾಗ್ತಿದ್ದವರು. ಆ ಪಶ್ಚಿಮದ ಸೀಮೆ ಕಂಡಿದ್ದವರು. ಅವರ ಮಾತು ನಡೀಲಿಲ್ಲ. ಹಾಗಾದರೆ ನಾನೂ ಬರ್ತೀನಿ, ನಿಮ್ಮ ಜೊತೆ ಕಷ್ಟಪಡ್ತೀನಿ ಅಂದು ಹೊರಟೇಬಿಟ್ಟರು.

ಮಾವ: ಮತ್ತು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ನನಗೆ ಆ ಪುಸ್ತಕ ಓದಿ ಹಿಮಕ್ಕಿಂತ ಹೆಚ್ಚು ನಾಟಿದ್ದು ಒಂದು ದಿನಾಂಕ. ಅಕ್ಟೋಬರ್ 17ಕ್ಕೆ ಮಾರ್ಟಿನ್ ತಂಡ ಭಾರ ಕಡಿಮೆ ಮಾಡೋಕೆ ಹೊದಿಕೆ, ಬಟ್ಟೆ ದಾರಿಯಲ್ಲೇ ಬಿಟ್ಟಿತು. ಹತ್ತೊಂಬತ್ತಕ್ಕೆ ಪ್ಲಾಟ್ ನದಿ ದಾಟಿದರು, ಅವತ್ತೇ ಹಿಮ ಬಿತ್ತು. ಎರಡು ದಿನ! ಆದರೆ ಮೇಷ್ಟರಾಗಿ ಒಂದು ಮಾತು ಹೇಳಲೇಬೇಕು. ನಾವು ಕೊನೇ ಪುಟ ಓದಿ ಮೊದಲ ಪುಟದವರನ್ನ ಬೈಯಬಾರದು. ಫ್ಲಾರೆನ್ಸಿನಲ್ಲಿ ಸಾವಿರ ಬಡವರಿಗೆ ಸೂರು, ಕಾಳು ಎಲ್ಲಿತ್ತು? ಹೊರಡಿ ಅಂದವರೂ ಆ ಜನರನ್ನ ಪ್ರೀತಿಸುತ್ತಲೇ ಅಂದಿದ್ದು. ಜನ ಇನ್ನೂ ದಾರಿಯಲ್ಲಿದ್ದಾರೆ ಅನ್ನೋ ಸುದ್ದಿ ಸಾಲ್ಟ್ ಲೇಕಿಗೆ ತಲುಪಿದ ಮಾರನೇ ದಿನ, ಅಕ್ಟೋಬರ್ 5ಕ್ಕೆ, ಬ್ರಿಗಮ್ ಯಂಗ್ ಸಭೆಯಲ್ಲಿ ಬೇರೆ ಬೋಧನೆ ಬದಿಗಿಟ್ಟು ಬಂಡಿ, ಹಿಟ್ಟು, ಬಟ್ಟೆ ಕೇಳಿದರಲ್ಲ, ಏಳಕ್ಕೆ ಬಂಡಿಗಳು ಹೊರಟವಲ್ಲ, ಅದೂ ಅದೇ ನಂಬಿಕೆ.

ನಾನು: ಅದು ಗೊತ್ತು ಮಾವ. ಅದಕ್ಕೇ ನನಗೆ ಭಯ. ಪ್ರೀತಿ ಇದ್ದೂ ತಪ್ಪಬಹುದು. ಕೇಳಿ, ಮೂರನೇ ದಿನದ್ದು ಹೇಳ್ತೀನಿ. ಒಂದು ಏರು ಇತ್ತು. ಅಲ್ಲಿ ಹುಡುಗರನ್ನ ದೂರ ಕಳಿಸಿ, ಹುಡುಗಿಯರಷ್ಟೇ ಗಾಡಿ ಎಳೆಯೋ ವಾಡಿಕೆ. ಹುಡುಗರು ಟೋಪಿ ತೆಗೆದು ಎರಡು ಬದಿ ಸುಮ್ಮನೆ ನಿಲ್ತಾರೆ. ಗಂಡಸರು ಸೈನ್ಯಕ್ಕೆ ಹೋಗಿಬಿಟ್ಟರು, ಹೆಂಗಸರೇ ಎಳೆದರು ಅಂತ.

ಮಾವ: ಆ ಸೈನ್ಯ, ಮಾರ್ಮನ್ ಬೆಟಾಲಿಯನ್, 1846ರದ್ದು. ಕೈಗಾಡಿಗೆ ಹತ್ತು ವರ್ಷ ಮುಂಚಿನದು.

ನಾನು: ಹೌದು. ಆದರೆ ಗಂಡ ಸತ್ತೋ, ಗಂಡ ಇಲ್ಲದೆಯೋ ಎಳೆದ ಹೆಂಗಸರು ಬೇಕಾದಷ್ಟಿದ್ದರು, ಅವರ ಹೆಸರಿನಲ್ಲಿ ಎಳೆಯೋಣ ಅಂತ ನಾವು ಮಾತಾಡಿಕೊಂಡಿದ್ದೆವು. ಮಧ್ಯಾಹ್ನ ಎರಡು ಗಂಟೆ. ಅರ್ಧ ಏರಿದಾಗ ಒಬ್ಬಳು ಮಾತು ನಿಲ್ಲಿಸಿದಳು. ಮುಟ್ಟಿ ನೋಡಿದೆ, ಮೈ ಕಾದಿತ್ತು, ಬೆವರಿಲ್ಲ. 2016ರಲ್ಲಿ ಓಕ್ಲಹೋಮದಲ್ಲಿ ಇಂಥದ್ದೇ ನಡಿಗೆಯಲ್ಲಿ ಗುಂಪು ನಡೆಸ್ತಿದ್ದ ಒಬ್ಬ ಹೆಂಗಸು ಬಿಸಿಲ ಹೊಡೆತಕ್ಕೆ ತೀರಿಕೊಂಡರು. ಅದು ನನ್ನ ತಲೆಯಲ್ಲಿ ಮೊದಲ ದಿನದಿಂದ ಇತ್ತು. ಗಾಡಿ ನಿಲ್ಲಿಸಿ ಅಂದೆ. ಅವಳನ್ನ ನೆರಳಿಗೆ ಎಳೆದು ನೀರು ಸುರಿದು, ನರ್ಸಿಗೆ ಕೂಗಿದೆವು. ಆಮೇಲೆ ವಾಪಸು ಇಳಿಯೋಣ ಅಂದೆ. ಬೆಣ್ಣೆಯ ಹುಡುಗ ಬದಿಯಲ್ಲಿ ನಿಂತಿದ್ದ. ಅವರು ನಿಲ್ಲಿಸಲಿಲ್ಲ, ನಾವ್ಯಾಕೆ ನಿಲ್ಲಿಸಬೇಕು ಅಂದ. ಅಳ್ತಾ ಇದ್ದ ಮಾವ, ಭಕ್ತಿಯಿಂದಲೇ ಅಂದಿದ್ದು. ಮೂರು ದಿನ ಅವನಿಗೆ ಆ ಮಾತು ತುಂಬಿದವಳು ನಾನೇ.

ಮಾವ: ಏನಂದೆ ಅವನಿಗೆ?

ನಾನು: ಅವರಿಗೆ ಆಗಸ್ಟಿನಲ್ಲಿ ವಾಪಸು ಹೋಗೋ ದಾರಿ ಇತ್ತು, ಅಕ್ಟೋಬರಿಗೆ ಅದು ಮುಚ್ಚಿತು, ನಮಗೆ ಇದು ಇನ್ನೂ ಆಗಸ್ಟು ಅಂದೆ. ಅಷ್ಟೇ ಹೊಳೆದಿದ್ದು. ಆಗ ನನಗೆ ಇನ್ನೊಂದು ಅರಿವಾಯ್ತು. ಮಕ್ಕಳಿಗೆಲ್ಲ ಕಾರ್ಡ್ ಇತ್ತು, ನನಗೆ ಇರಲಿಲ್ಲ. ಅವರು ಇನ್ನೊಬ್ಬರಾಗಿ ನಡೀಬಹುದು. ಅವರನ್ನ ನಡೆಸೋಳು ನಾನಾಗೇ ಇರಬೇಕು. ಆ ಬಯಲಲ್ಲಿ ನಟನೆಗೆ ಸಿಗದ ಕೆಲಸ ಅದೊಂದೇ ಇತ್ತು.

ಮಾವ: ವಿಲಿ, ಮಾರ್ಟಿನ್ ನಿಂತಿದ್ದ ಜಾಗ.

ನಾನು: ಅದೇ. ಅಲ್ಲಿ ನಿಂತ ಮೇಲೆ ಅವರನ್ನ ಬೈಯೋಕೂ ಮನಸ್ಸು ಬರಲಿಲ್ಲ. ಎಂಟು ಮಕ್ಕಳು ಮುಂದೆ ಹೋಗೋಣ ಅಂತ ನನ್ನ ಮುಖ ನೋಡ್ತಿದ್ದಾರೆ, ಒಬ್ಬಳು ಮಾತಾಡ್ತಿಲ್ಲ. ಎಲ್ಲರೂ ಹಾಡ್ತಾ ಇರುವಾಗ ಸಾಕು ಅನ್ನೋದು ಎಷ್ಟು ಕಷ್ಟ ಅಂತ ಗೊತ್ತಾಯ್ತು. ಸ್ಯಾವೇಜ್ ಅದನ್ನ ಐನೂರು ಜನರ ಎದುರು ಅಂದರು.

ಮಾವ: ಆ ಹುಡುಗಿ?

ನಾನು: ಸಂಜೆಗೆ ಗಂಜಿ ಕುಡಿದಳು. ಚೆನ್ನಾಗಿದ್ದಾಳೆ. ನಿನ್ನೆ ಅವಳ ತಾಯಿ ಫೋನ್ ಮಾಡಿದ್ದರು.

ಮಾವ: ಗಾಡಿ ಇಳಿಸುವಾಗ ಯಾರು ಎಳೆದರು?

ನಾನು: ಇಳಿಜಾರಲ್ಲಿ ಎಳೆಯೋ ಹಾಗಿಲ್ಲ ಮಾವ, ತಡೆದು ಹಿಡೀಬೇಕು. ಹಿಂದಕ್ಕೆ ಹಗ್ಗ ಕಟ್ಟಿ, ಎಲ್ಲರೂ ಹಿಮ್ಮಡಿ ಊರಿ ನಿಲ್ಲಬೇಕು. ಏರೋದಕ್ಕಿಂತ ಅದು ಕಷ್ಟ. ಹಗ್ಗದ ತುದಿ ಹಿಡಿದವನು ಆ ಹುಡುಗ. ಕೆಳಗೆ ಬರೋವರೆಗೂ ನನ್ನ ಮುಖ ನೋಡಲಿಲ್ಲ. ಬಸ್ಸಿನಲ್ಲೂ ಮಾತಾಡಲಿಲ್ಲ.

ಮಾವ: ಹಗ್ಗ ಬಿಡಲಿಲ್ಲ ತಾನೆ?

ನಾನು: ಬಿಡಲಿಲ್ಲ. ಅಂಗೈ ಸುಲಿದು ಹೋಗಿತ್ತು.