ಎರಡು ಎಸಳು ಕರಿಬೇವು

ಕುಮಟಾದಿಂದ ಹೊನ್ನಾವರ ದಾಟಿ ಭಟ್ಕಳದವರೆಗೆ ಯಾವ ಹಳೆಯ ಮನೆಯ ಹಿತ್ತಲಿಗೆ ಹೋದರೂ ಬಚ್ಚಲ ನೀರು ಹರಿಯುವೆಡೆ ಬಸಳೆಯ ಚಪ್ಪರ, ಬಾವಿಕಟ್ಟೆಯ ಪಕ್ಕ ಒಂದೆಲಗ, ದೊಡ್ಡಪತ್ರೆ, ಅರಿಶಿನ, ಕರಿಬೇವು ಕಾಣಸಿಗುತ್ತವೆ. ಒಂದೆಲಗವನ್ನು ಕಾಯಿಯೊಡನೆ ಅರೆದು ಮಜ್ಜಿಗೆ ಬೆರೆಸಿದರೆ ತಂಬುಳಿ. ಅರಿಶಿನದ ಎಲೆಯಲ್ಲಿ ಹಿಟ್ಟು ಮಡಚಿ ಬೇಯಿಸಿದರೆ ಕಡುಬು. ಇವುಗಳಿಗೆ ಬೆಲೆ ಕಟ್ಟುವ ರೂಢಿ ನೆರೆಹೊರೆಯಲ್ಲಿರಲಿಲ್ಲ. ಬೇಕಾದವರು ಬೇಲಿಯಾಚೆಯಿಂದ ಕೂಗಿ ಕೇಳುತ್ತಿದ್ದರು; ಕೆಲವೊಮ್ಮೆ ಕೇಳದೆಯೂ ಕೊಯ್ಯುತ್ತಿದ್ದರು.

ಕೇಳದೆ ಕೊಯ್ದದ್ದು ಕಳವೇ? ಹೊನ್ನಾವರ ಸೀಮೆಯ ಧರ್ಮಕೇಂದ್ರವೊಂದರಲ್ಲಿದ್ದಾಗ ನಾನು ಹೌದೆಂದು ತೀರ್ಮಾನಿಸಿದೆ. ನೆರೆಮನೆಯ ಅಜ್ಜಿ ಬಂಗಡೆ ತಂದ ದಿನವೆಲ್ಲ ನಮ್ಮ ಹಿತ್ತಲಿನ ಕರಿಬೇವನ್ನು ಮುರಿದೊಯ್ಯುತ್ತಿದ್ದರು. ಎಳೆಯ ಗಿಡ ಬೋಳಾದೀತೆಂದು ಹೆದರಿದೆ. ಅವರು ಹೋದ ಮೇಲೆ ಉಳಿದ ಎಸಳುಗಳನ್ನು ಎಣಿಸಿದ್ದೂ ಉಂಟು. ಗುರುವಿಗೆ ಶೋಭಿಸುವ ಕೆಲಸವಲ್ಲ. ಕೊನೆಗೆ ಗೇಟಿಗೆ ಬೀಗ ಹಾಕಿಸಿದೆ.

ಸೆಮಿನರಿಯಲ್ಲಿ ಕಲಿತ ನೀತಿಶಾಸ್ತ್ರ ನನ್ನ ಪರವಾಗಿಯೇ ಇತ್ತು. ಕಡು ಸಂಕಟದಲ್ಲಿರುವವನು ಜೀವವುಳಿಸಿಕೊಳ್ಳಲು ಪರರದ್ದನ್ನು ತೆಗೆದುಕೊಂಡರೆ ಅದು ಕಳವಾಗದೆಂದು 13ನೇ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಬರೆದರು. ಆದರೆ ಸಾರಿಗೆ ಕರಿಬೇವಿಲ್ಲದಿದ್ದರೆ ಯಾರ ಜೀವವೂ ಹೋಗದಷ್ಟೆ!

ಅಜ್ಜಿ ಜಗಳಕ್ಕೆ ಬರಲಿಲ್ಲ, ಮಾತು ಬಿಟ್ಟರು. ಎರಡು ತಿಂಗಳ ಬಳಿಕ ನಮ್ಮ ಅಡುಗೆಯಾಕೆ ಹೇಳಿದಳು: ಆ ಗಿಡ ಅಜ್ಜಿಯ ಹಿತ್ತಲಿನ ಮರದ ಬೇರಿನಿಂದೆದ್ದ ಮರಿ, ಹಿಂದಿನ ಗುರುಗಳಿಗೆ ಅವರೇ ಕಿತ್ತು ಕೊಟ್ಟದ್ದು. ತಾಯಿಮರ ಒಂದು ಮಳೆಗಾಲದಲ್ಲಿ ಉರುಳಿಹೋಗಿತ್ತು. ಕೊಟ್ಟ ಮೇಲೆ ಗಿಡ ಗುರುಮನೆಯದ್ದೇ ಎಂದು ನ್ಯಾಯ ಹೇಳಬಹುದು. ಆದರೆ ಇಂಥ ಗಿಡಗಳು ಮರಿಯಾಗಿಯೋ ಮುರಿದ ಟೊಂಗೆಯಾಗಿಯೋ ಅಂಗಳದಿಂದ ಅಂಗಳಕ್ಕೆ ಬರುತ್ತವೆ. ನನ್ನದೆನ್ನುವಾಗ ಕೊಟ್ಟ ಕೈಯನ್ನು ನಾನು ವಿಚಾರಿಸಿರಲೇ ಇಲ್ಲ.

ಮತ್ತಾಯನ ಶುಭಸಂದೇಶದ 23ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಪುದೀನ, ಸಬ್ಬಸಿಗೆ, ಜೀರಿಗೆಗಳ ದಶಮಾಂಶ ಸಲ್ಲಿಸುತ್ತಲೇ ದಯೆಯನ್ನು ಮರೆತವರನ್ನು ಗದರಿಸುತ್ತಾರೆ. ಲೆಕ್ಕವೇ ಬೇಡವೆಂದು ಅವರು ಹೇಳಲಿಲ್ಲ. ಅದನ್ನೂ ಮಾಡಿ, ಇದನ್ನೂ ಬಿಡಬೇಡಿರೆಂದರು. ಆ ಫರಿಸಾಯರಾದರೋ ಕೊಡಲಿಕ್ಕಾಗಿ ಎಣಿಸಿದ್ದರು. ನಾನು ಎಣಿಸಿದ್ದು ಕೊಡದಿರಲಿಕ್ಕಾಗಿ.

ಬೀಗ ತೆಗೆಸಿ, ಎರಡು ಎಸಳು ಹಿಡಿದು ಅವರ ಬಾಗಿಲಿಗೆ ಹೋದೆ. ಅಜ್ಜಿ ಎಸಳುಗಳನ್ನು ಪಕ್ಕಕ್ಕಿಟ್ಟು, ಬೇಲಿಯ ಬಳಿ ನಿಂತು ಗಿಡವನ್ನೇ ದಿಟ್ಟಿಸಿದರು. ಅದು ಒಂಟಿ ಕೋಲಿನಂತೆ ನೀಳವಾಗಿ ಬೆಳೆದಿತ್ತು.

“ತುದಿ ಮುರಿಯುತ್ತಿದ್ದರೆ ಕವಲೊಡೆಯುತ್ತಿತ್ತಲ್ಲ, ಫಾದರ್,” ಎಂದರು.